ಹುಳುಮನೆ ಬಾಗಿಲ ಬೊಂಬೆ

ಮಧುವನಹಳ್ಳಿಯ ಶಾಂತಮೂರ್ತಿಗೆ ದೇವರ ಭಯ ಎಷ್ಟಿತ್ತೋ, ಪಕ್ಕದ ಮನೆ ರಾಮಮ್ಮನ ಕಣ್ಣಿನ ಭಯ ಅದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಆಕೆ ಹೊಗಳಿದ ಹಸು ಹಾಲು ಬತ್ತಿಸಿಕೊಂಡಿತ್ತಂತೆ. ಹೊಗಳಿದ ಹೀರೆಬಳ್ಳಿ ಮರುದಿನವೇ ಒಣಗಿತ್ತಂತೆ. ಈ ಸಲ ಅವನ ರೇಷ್ಮೆಹುಳು ಬೆರಳುಗಾತ್ರ ಬೆಳೆದು, ರಾಮಮ್ಮ ಬೇಲಿಯಾಚೆಯಿಂದ ಇಣುಕತೊಡಗಿದ್ದೇ ತಡ, ಅವನ ನಿದ್ದೆ ಹಾರಿಹೋಯಿತು.

ಅಂಗಡಿಯ ದೃಷ್ಟಿಬೊಂಬೆ ಆ ಕಣ್ಣಿಗೆ ಯಾವ ಮೂಲೆಗೆ? ಮೊಬೈಲಿನಲ್ಲಿ ನೋಡಿ ನಡುಗಿದ್ದ ದೆವ್ವದ ಸಿನಿಮಾದ ಬೊಂಬೆಯನ್ನೇ ಮಾಡಲು ಕೂತ. ಹೆಂಡತಿ ಭವ್ಯಳ ಹಳೇ ನೈಟಿ, ತೆಂಗಿನನಾರಿನ ಕೂದಲು, ಕಾಗದ ನೆನೆಸಿ ಅರೆದು ಮೆತ್ತಿದ ಮುಖ, ಕಣ್ಣಿಗೆ ಬೈಕಿನ ಕೆಂಪು ರಿಫ್ಲೆಕ್ಟರು, ಹಲ್ಲಿಗೆ ಕುಂಬಳಬೀಜ. ಮುಗಿದ ಮೇಲೆ ಅದಕ್ಕೆ ಬೆನ್ನು ತೋರಿಸಲು ಅವನಿಗೇ ಧೈರ್ಯ ಸಾಲದೆ, ಹಿಮ್ಮುಖವಾಗಿ ನಡೆದುಕೊಂಡೇ ಊಟಕ್ಕೆ ಹೋದ. ಮನುಷ್ಯ ತನ್ನ ಭಯಕ್ಕೆ ತಾನೇ ಮೂಗು ಬಾಯಿ ತಿದ್ದುತ್ತಾನೆ. ಬೆಟ್ಟದ ಮೇಲೆ ಮಾದಪ್ಪ ಸುಮ್ಮನೆ ನಗುತ್ತಾನೆ.

ಅದನ್ನು ಹುಳುಮನೆಯ ಬಾಗಿಲಿಗೆ ನೇತುಹಾಕಿದ ಮರುಬೆಳಿಗ್ಗೆಯೇ ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದವು. ಹಣ್ಣಾದ ಹುಳು ಹೆರಿಗೆನೋವಿದ್ದ ಹಾಗೆ, ಯಾರಿಗೂ ಕಾಯುವುದಿಲ್ಲ. ಸಂಜೆಯೊಳಗೆ ಒಂದೊಂದನ್ನೂ ಆರಿಸಿ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಬೆಳೆ ಪೂರಾ ಹಾಳು.

ಕೂಲಿ ಹೆಂಗಸರನ್ನು ಕರೆತಂದ ಮಹಾದೇವಮ್ಮ ಬಾಗಿಲ ಮುಂದೆ ಕಲ್ಲಾಗಿ ನಿಂತಳು. ಗಾಳಿಗೆ ಬೊಂಬೆ ಮೆಲ್ಲಗೆ ತಿರುಗಿ ಅವಳನ್ನೇ ನೋಡಿತು.

"ಅದ್ಯಾರ್ಲಾ ನೇಣಾಕ್ಕಂಡಿರದು?"

"ಬೊಂಬೆ ಕಣಕ್ಕಾ! ನಾನೇ ಮಾಡಿದ್ದು!"

"ನೀನೇ ಮಾಡಿದ್ಯಾ? ಮಾಟನಾ? ಅಯ್ಯೋ ಮಾದಪ್ಪಾ! ಓಡ್ರವ್ವಾ!"

ಚಪ್ಪಲಿಗಳು ಮಾತ್ರ ಅಂಗಳದಲ್ಲಿ ಉಳಿದವು. ಗದ್ದಲ ಕೇಳಿ ಭವ್ಯ ಮನೆಬಾಗಿಲಿಗೆ ಒಳಗಿನಿಂದ ಅಗಳಿ ಜಡಿದಳು. "ಅದು ಅಲ್ಲಿರಗಂಟ ನಾ ಆಚ್ಗೆ ಕಾಲಿಕ್ಕಲ್ಲ!"

ಶಾಂತಮೂರ್ತಿ ಏಣಿ ಹತ್ತಿ ಹಗ್ಗ ಕುಯ್ದ. ಬೊಂಬೆ ಎರಡೂ ತೋಳು ಚಾಚಿ ಅವನ ಕೊರಳಿಗೇ ಬಿತ್ತು. ಅವನು ಕಿರುಚಿದ್ದು ಹೆಂಗಸರಿಗಿಂತ ಜೋರಾಗಿಯೇ. ದಾರಿಯಲ್ಲೆಲ್ಲಾದರೂ ಎಸೆಯೋಣವೆಂದು ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಕೂಲಿಯವರ ಬೆನ್ನುಹತ್ತಿದ.

"ನಿಂತ್ಕಳಿ ಮಹಾದೇವಕ್ಕಾ! ತಗ್ದಾಕ್ದೆ ಕಣಕ್ಕಾ!"

ಅವಳು ತಿರುಗಿ ನೋಡಿದಳು. ಅವನ ಹೆಗಲ ಮೇಲಿಂದ ಕೆಂಪು ಕಣ್ಣೆರಡು ಮಿರಮಿರ ಉರಿಯುತ್ತಿದ್ದವು.

"ಗಂಡ ಎಡ್ತಿ ಅಂಗೆ ಜೋಡೀಲಿ ಬತ್ತಾವರೆ ಕಣ್ರವ್ವಾ!"

ಹೆಂಗಸರು ಕಬ್ಬಿನ ಗದ್ದೆಗೆ ನುಗ್ಗಿದರು. ಎದುರು ಬಂದ ಬಸ್ಸಿನ ಡ್ರೈವರು ಬ್ರೇಕ್ ಒತ್ತಿ ಕೈಮುಗಿದ. ಶಾಂತಮೂರ್ತಿ ಕನ್ನಡಿ ನೋಡಿಕೊಂಡ. ತನ್ನ ಕೆನ್ನೆಗೆ ಕೆನ್ನೆ ತಾಗಿಸಿ ಅದು ನಗುತ್ತಿತ್ತು. ಬೈಕು ನಿಲ್ಲಿಸಿ, ಪಾಳುಬಾವಿಗೆ ಅದನ್ನು ಎಸೆದ. ಆಮೇಲೆ ಕಬ್ಬಿನ ಸಾಲುಸಾಲಿನಲ್ಲೂ ಕೂಗಿದ, ಬೇಡಿದ. ಅವನ ದನಿ ಕೇಳಿದಷ್ಟೂ ಅವರು ಒಳಒಳಗೆ ಸರಿದರು.

ಹೊತ್ತು ಇಳಿಯಿತು. "ಮಾದಪ್ಪಾ, ಅರ್ಧ ಬೆಳೆನಾದ್ರೂ ಉಳಿಸ್ಕೊಡಪ್ಪ, ಮುಡಿ ಕೊಡ್ತೀನಿ" ಎಂದು ಗೊಣಗುತ್ತ ಹುಳುಮನೆಯ ಬಾಗಿಲು ತಳ್ಳಿದ.

ಕಸದಲ್ಲಿ ಒಂದು ಹುಳುವೂ ಇರಲಿಲ್ಲ. ಚಂದ್ರಿಕೆಗಳೆಲ್ಲ ಜೇನುಹುಟ್ಟಿನಂತೆ ತುಂಬಿದ್ದವು. ಅವನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಚಂದ್ರಿಕೆಯ ಮರೆಯಿಂದ ರಾಮಮ್ಮ ಸೊಂಟ ನೀವಿಕೊಳ್ಳುತ್ತ ಎದ್ದಳು. ಅವಳ ಹಿಂದೆ ಭವ್ಯ, ನಾನೇನು ಮಾಡಲಿ ಎಂಬಂತೆ ಕೈ ಅಗಲಿಸಿದಳು.

"ಇವ್ಳು ಒಬ್ಳೇ ಅಳ್ತಾ ಕುಂತಿದ್ಲು ಕಣಪ್ಪ. ಕೂಗಿದ್ರೆ ಒಬ್ರೂ ಬರ್ನಿಲ್ಲ. ಇವ್ಳು ಆಯ್ಕೊಟ್ಲು, ನಾ ಬುಟ್ಟೆ. ನಂಗೆ ಕಣ್ಣು ಮಬ್ಬು ನೋಡು, ಅದ್ಕೇ ಒಂದೊಂದ್ ಹುಳನೂವಿ ಕಣ್ಣತ್ರ ಇಡ್ಕಂಡು, ನೋಡಿ ನೋಡಿ ಬುಟ್ಟಿವ್ನಿ. ಒಂದ್ನೂ ನೋಡ್ದೆ ಬುಟ್ಟಿಲ್ಲ!"

ಶಾಂತಮೂರ್ತಿ ಚಂದ್ರಿಕೆಗಳಿಗೆ ಅಡ್ಡವಾಗಿ ನಿಂತ.

"ಏನ್ ಹುಳ ಅಂತೀಯೆ! ನನ್ ಜಲ್ಮದಲ್ಲೇ ಇಂತಾವ ಕಂಡಿರ್ನಿಲ್ಲ." ರಾಮಮ್ಮ ಅಕ್ಕರೆಯಿಂದ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. "ಹುಳ ಇರ್ಲಿ, ನೀನೂವಿ ಈಚ್ಗೆ ಎಂಗ್ ಮೈಕೈ ತುಂಬ್ಕಂಡು ಲಕ್ಷಣವಾಗಿದ್ದಯ್ಲಾ!"