ನಮ್ಮ ಮನೆಯಲ್ಲಿ ಹಾಲು ಬಂದ್

ಜನ ಯಾವ ಮಾತನ್ನು ಬೇಕಾದರೂ ನಂಬುತ್ತಾರೆ. ರಾತ್ರಿ ಉಗುರು ತೆಗೆದರೆ ದರಿದ್ರ ಬರುತ್ತದೆ ಎಂದರೂ ನಂಬುತ್ತಾರೆ. ಆದರೆ ‘ನಮ್ಮ ಕೂಸಿಗೆ ಹಾಲು ಆಗಿಬರುವುದಿಲ್ಲ’ ಎಂದು ಹೇಳಿ ನೋಡಿ! ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಪಾಪ, ಇವನಿಗೆ ಹಾಲು ಕೊಳ್ಳುವ ತಾಕತ್ತಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಆಗ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತುತ್ತದೆ.

ನಮ್ಮ ಚಿನ್ನವ್ವನಿಗೆ ಎಂಟು ತಿಂಗಳು. ಮೊದಲ ಸಲ ಎರಡು ಚಮಚ ಆಕಳ ಹಾಲು ಕುಡಿಸಿದ ದಿನ ಮುಖ ಊದಿ, ಮೈತುಂಬ ದದ್ದೆದ್ದು, ಉಸಿರು ಗೊರಗೊರ ಎನ್ನತೊಡಗಿತು. ಕೂಸನ್ನು ಎದೆಗೆ ಅವಚಿಕೊಂಡು ಗಜೇಂದ್ರಗಡದ ಬಜಾರದಲ್ಲಿ ಒಂದೇ ಚಪ್ಪಲಿಯಲ್ಲಿ ಓಡಿದ್ದೇನೆ. ‘ಹಾಲು, ಮಸರು, ತುಪ್ಪ, ಪೇಡೆ, ಯಾವುದೂ ಕೂಸಿನ ಹತ್ರ ಸುಳೀಬಾರ್ದ್ರಿ. ಎಮ್ಮಿದೂ ಬ್ಯಾಡ, ಆಡಿಂದೂ ಬ್ಯಾಡ. ಮತ್ತ ಉಸಿರಿಗೆ ಬಂದ್ರ ಭಾಳ ಕಷ್ಟ ಆಕ್ಕೈತಿ’ ಎಂದರು ಡಾಕ್ಟರು. ಮೊಲೆಯುಣಿಸುವ ಹೆಂಡತಿ ಶಾಂತಾ ಅಂದೇ ಹಾಲು ಮೊಸರು ಬಿಟ್ಟಳು.

ಊರಿನವರು ಸುಮ್ಮನೆ ಬಿಡಬೇಕಲ್ಲ! ನನ್ನ ಬಟ್ಟೆ ಅಂಗಡಿಗೆ ಜಂಪರಿನ ಅರಿವೆ ಕೊಳ್ಳಲು ಬಂದವರೂ ಕತ್ತೆಯ ಹಾಲು ಕುಡಿಸಲು ಹೇಳಿದರು. ಇಟಗಿಯ ಗುಡಿಗೆ ಹೋಗಿ ಬಂದ ಪಕ್ಕದ ಮನೆಯಾಕೆ ಪ್ರಸಾದದ ಪೇಡೆಯನ್ನು ಕೂಸಿನ ಬಾಯಿಯ ತನಕ ಒಯ್ದಿದ್ದಳು. ನಾನು ಹಾರಿ ಕೈ ಹಿಡಿದರೆ, ‘ಬರೇ ನೆಕ್ಕಸ್ತಿದ್ನ್ರಿ, ತಿನಸ್ತಿದ್ದಿಲ್ಲ. ದೇವರದ್ದಕ್ಕೂ ಏನರ ಆಗತೈತೇನ್ರಿ?’ ಎಂದು ನನ್ನ ಮೇಲೇ ಮುನಿಸಿಕೊಂಡಳು. ಬಾಣಂತಿಯ ಆರೈಕೆಗೆಂದು ಯಾವಗಲ್ ಊರಿನಿಂದ ಬಂದಿದ್ದ ನನ್ನ ಅತ್ತೆಯ ಸಿಟ್ಟೇ ಬೇರೆ. ‘ನಮ್ಮ ಎಮ್ಮಿ ಹಾಲು ಕುಡದು ಅರ್ಧ ಊರು ಬೆಳದೈತ್ರಿ. ಆ ಮೂಕ ಪ್ರಾಣಿ ಏನ್ ಪಾಪ ಮಾಡೈತಿ?’ ಎಮ್ಮೆಯ ಮೇಲೆ ಯಾರು ತಕರಾರು ಹೇಳಿದ್ದರು?

ಕೊನೆಗೆ ಕಾರಭಾರ ನಾನೇ ವಹಿಸಿಕೊಂಡೆ. ಬಾಗಿಲಲ್ಲಿ ಬಕೆಟ್ಟು, ಸಾಬೂನು ಇಟ್ಟೆ. ಕೂಸನ್ನು ಎತ್ತಿಕೊಳ್ಳುವವರು ಕೈ ಬಾಯಿ ತೊಳೆದೇ ಒಳಗೆ ಬರಬೇಕು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತ ಅಪ್ಪನಿಗೂ ರಿಯಾಯಿತಿ ಇಲ್ಲ. ಮನೆಯಲ್ಲಿ ಹಾಲು ಬಂದ್, ಮೊಸರು ಬಂದ್. ಹಿತ್ತಲಿನ ಒಂದು ಗಡಿಗೆ ಮಜ್ಜಿಗೆ ಮಾತ್ರ ಉಳಿಯಿತು. ಅಂಗಡಿಯಿಂದ ಬಿಸಿಲಲ್ಲಿ ಬರುವ ಗಂಡಸು ರೊಟ್ಟಿ ತಿಂದಮೇಲೆ ಏನು ಕುಡಿಯಬೇಕು, ನೀವೇ ಹೇಳಿ.

ಇಷ್ಟಾದರೂ ಮಧ್ಯಾಹ್ನವಾದರೆ ಸಾಕು, ಕೂಸಿನ ಗಲ್ಲದ ಮೇಲೆ ಕೆಂಪು ದದ್ದು! ನಾನು ಊಟ ಮಾಡಿ, ಕೂಸನ್ನು ಮುದ್ದಿಸಿ ಅಂಗಡಿಗೆ ಹೋಗುವುದನ್ನೇ ಕಾಯ್ದು ಯಾರೋ ಕೈಚಳಕ ತೋರಿಸುತ್ತಿದ್ದಾರೆ. ಇಂದು ಗಲ್ಲ, ನಾಳೆ ಉಸಿರು! ಒಂದು ದಿನ ಉಂಡು, ಮಜ್ಜಿಗೆ ಕುಡಿದು, ನೇರವಾಗಿ ಅತ್ತೆಯನ್ನೇ ಕೇಳಿದೆ: ‘ಅತ್ತೀ, ಖರೇ ಹೇಳ್ರಿ. ಕೂಸಿಗೆ ಏನ್ ನೆಕ್ಕಸಾಕತ್ತೀರಿ?’

ಅತ್ತೆಯ ಕಣ್ಣು ತುಂಬಿ ಬಂತು. ‘ನನ್ನ ಮೊಮ್ಮಗಳಿಗೆ ನಾ ವಿಷ ಹಾಕ್ತೀನೇನ್ರಿ ಅಳಿಯಾರ? ಶಾಂತಾ, ನನ್ನ ಚೀಲ ಕೊಡು. ಯಾವಗಲ್ ಬಸ್ಸಿಗೆ ಹೊಂಟೆ’ ಎಂದು ಎದ್ದೇಬಿಟ್ಟರು. ಹೋಗಲಿ! ನಾನು ಚಿನ್ನವ್ವನನ್ನು ಎತ್ತಿಕೊಂಡು, ‘ಈ ಮನ್ಯಾಗ ನಿನ್ನವ ಅಂದ್ರ ನಾ ಒಬ್ಬನ ನೋಡವ್ವಾ’ ಎಂದು ಗಲ್ಲಕ್ಕೆ ಮುತ್ತಿನ ಮೇಲೆ ಮುತ್ತು ಕೊಟ್ಟೆ.

ಅತ್ತೆ ಚೀಲ ಕೆಳಗಿಟ್ಟರು. ‘ಶಾಂತಾ, ಲಗೂ ಬಾ ಇಲ್ಲೆ. ನಿನ್ನ ಗಂಡನ ಮೀಸಿ ನೋಡು!’

ಮೀಸೆಯ ತುದಿಯಲ್ಲಿ ಮಜ್ಜಿಗೆಯ ಹನಿಗಳು. ಅತ್ತೆ ಕೂಸನ್ನು ಕಸಿದುಕೊಂಡು ಮುಖ ತೊಳೆಯುವಷ್ಟರಲ್ಲಿ ನಾನು ಮುತ್ತು ಕೊಟ್ಟಲ್ಲೆಲ್ಲ ದದ್ದು ಏಳತೊಡಗಿತ್ತು. ಉಸಿರು ಸರಿಯಾಗಿದೆಯೇ ಎಂದು ಅದರ ಎದೆಗೆ ಕಿವಿ ಹಚ್ಚಲು ಹೋದರೆ ಶಾಂತಾ ನನ್ನನ್ನು ದೂರ ತಳ್ಳಿದಳು. ದೇವರ ದಯೆ, ದದ್ದು ಗಲ್ಲದಲ್ಲೇ ನಿಂತಿತು. ನನಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಜ್ಜಿಗೆ ಬಿಟ್ಟೆ. ಆದರೆ ನನ್ನ ಮೀಸೆಯ ಮೇಲೆ ಮನೆಯಲ್ಲಿ ಯಾರಿಗೂ ವಿಶ್ವಾಸ ಉಳಿಯಲಿಲ್ಲ. ಅಂಗಡಿಯಲ್ಲಿ ಚಹಾ ಕುಡಿಯುತ್ತೀರಲ್ಲ ಎಂದರು. ಸಿಟ್ಟಿನಲ್ಲಿ ಬೋಳಿಸಿಕೊಂಡು ಬಂದೆ. ನಮ್ಮ ಮಂದಿಯಲ್ಲಿ ಅಪ್ಪ ಬದುಕಿರುವಾಗ ಮೀಸೆ ತೆಗೆಯುವಂತಿಲ್ಲ ಎಂಬುದು ಆ ಸಿಟ್ಟಿನಲ್ಲಿ ನೆನಪಾಗಬೇಕಲ್ಲ! ಮರುದಿನ ಅಂಗಡಿಯಿಂದ ಊಟಕ್ಕೆ ಬರುವಾಗ ಎದುರಂಗಡಿಯ ಸಾಹುಕಾರರು ನನ್ನ ಮುಖ ನೋಡಿ, ಹೆಗಲ ಮೇಲೆ ಕೈಯಿಟ್ಟು, ಮನೆತನಕ ಬಂದರು. ಕಟ್ಟೆಯ ಮೇಲೆ ಅಪ್ಪ ಶೇಂಗಾ ಸುಲಿಯುತ್ತಿದ್ದ. ಸಾಹುಕಾರರು ಅಲ್ಲೇ ಕಲ್ಲಾದರು.

‘ನಾ ಇನ್ನ ಹೋಗಿಲ್ರಿ ಸಾಹುಕಾರ್ರ, ಇವನ ಮೀಸಿ ಅಷ್ಟ ಹೋಗೈತಿ’ ಎಂದ ಅಪ್ಪ. ‘ಒಳಗ ಬರ್ರಿ. ಆದ್ರ ಕೈ ಬಾಯಿ ತೊಳಕೊಂಡ ಬರ್ರಿ.’

ಸಾಹುಕಾರರು ತೊಳೆದುಕೊಂಡರು. ಅವರ ಹಿಂದೆಯೇ ನಾನು ಒಳಗೆ ಕಾಲಿಡಹೋದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತು ಸಾಬೂನು ಚಾಚಿದರು: ‘ಅಳಿಯಾರ, ಮೊದಲ ನೀವು.’