ಹಲ್ಲಿನ ಸೆಟ್ಟೂ ಹದಿನಾಲ್ಕನೇ ನಂಬರ್ ಬಸ್ಸೂ

ಬೆಳಿಗ್ಗೆ ಹದಿನಾಲ್ಕನೇ ನಂಬರ್ ಬಸ್ಸಿಗೆ ಕಾಯುತ್ತ, ತೊಡೆಯ ಮೇಲೆ ಡೈರಿ ಇಟ್ಟುಕೊಂಡು ಅವಳು ಬರೆದಳು: 'ಇವತ್ತು ಸಂಜೆ ನಾಲ್ಕಕ್ಕೆ ನಲವತ್ತು ಜನರ ಮುಂದೆ ನಿಂತು ಹತ್ತು ನಿಮಿಷ ಮಾತಾಡಬೇಕು. ಹುಟ್ಟಿದಾಗಿನಿಂದ ನಾನು ಮನೆಯ ಹೊರಗೆ ಆಡಿದ ಮಾತನ್ನೆಲ್ಲ ಒಟ್ಟು ಸೇರಿಸಿದರೂ ಹತ್ತು ನಿಮಿಷ ತುಂಬುವುದು ಅನುಮಾನ. ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ.'

ಬರೆದು ಮುಗಿಸಿ, ಹಿಂದಿನ ಒಂದು ವಾರದ ಪುಟಗಳನ್ನೆಲ್ಲ ಓದಿದರೂ ಬಸ್ಸು ಬರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದುದು ಅದೇ ಬಸ್ಸಿನ ಕಂಪನಿಯಲ್ಲಿ, ಬಸ್ ನಿಲ್ದಾಣದ ಮೂಲೆಯಲ್ಲಿದ್ದ ಕಳೆದುಹೋದ ವಸ್ತುಗಳ ವಿಭಾಗದಲ್ಲಿ. ಡಿಗ್ರಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ ಈ ಕೆಲಸ ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ: ವಸ್ತುಗಳು ಮಾತಾಡಿಸುವುದಿಲ್ಲ. ಮೂವತ್ತೆರಡು ಕೊಡೆ, ಹನ್ನೊಂದು ಊಟದ ಡಬ್ಬಿ, ಎಡಗಾಲಿನ ಚಪ್ಪಲಿ ನಾಲ್ಕು, ಮೂಗು ಕಿತ್ತುಹೋದ ಒಂದು ಬಟ್ಟೆಗೊಂಬೆ, ಗಾಜಿನ ಲೋಟದಲ್ಲಿ ಒಂದು ಹಲ್ಲಿನ ಸೆಟ್ಟು. ಲೋಟದ ನೀರನ್ನು ಅವಳು ದಿನಾ ಬದಲಾಯಿಸುತ್ತಿದ್ದಳು. ಆ ಕೋಣೆಯಲ್ಲಿ ಬಾಯಿ ಅಂತ ಇದ್ದದ್ದು ಅದೊಂದೇ, ಅದೂ ಸುಮ್ಮನಿರುತ್ತಿತ್ತು. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು. ಡಿಪೋದ ಮೆಕ್ಯಾನಿಕ್‌ಗಳು ಹುಡುಗಿಗೆ 'ಸೈಲೆನ್ಸರ್' ಅಂತ ಹೆಸರಿಟ್ಟಿದ್ದರು.

ಎಲ್ಲ ಸರಿಯಾಗಿಯೇ ಇತ್ತು, ಸ್ಟೋರ್‌ಕೀಪರ್‌ಗೆ ಟೈರ್ ಇಡಲು ಜಾಗ ಸಾಲದೆ ಹೋಗುವ ತನಕ. ಟೈರಣ್ಣ ಎಂದೇ ಹೆಸರಾದ ಆತ ಮ್ಯಾನೇಜರ ಕಿವಿ ಕಚ್ಚಿ ಕಚ್ಚಿ ಒಂದು ಸುತ್ತೋಲೆ ಹೊರಡಿಸಿದ್ದ. ಸಂಜೆಯ ಮೀಟಿಂಗ್‌ನಲ್ಲಿ ಪ್ರತಿ ವಿಭಾಗದವರೂ ಕಂಪನಿಯ ಯಜಮಾನರ ಮುಂದೆ ಹತ್ತು ನಿಮಿಷ ಮಾತಾಡಿ ತಮ್ಮಿಂದ ಏನು ಪ್ರಯೋಜನ ಎಂದು ತೋರಿಸಬೇಕು. ತೋರಿಸಲಾಗದ ವಿಭಾಗ ಬಂದ್. ಕೋಣೆ ಹೋದರೆ ಕೆಲಸವೂ ಹೋಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಅಮ್ಮ ತಿಂಡಿ ಬಡಿಸುತ್ತ ಹೇಳಿದ್ದಳು. "ಬಾಯಿ ಬಿಟ್ಟು ನಾಲ್ಕು ಮಾತಾಡೇ. ಬಟ್ಟೆ ಅಂಗಡಿಲೂ ನಾನೇ ಮಾತಾಡ್ಬೇಕು, ಡಾಕ್ಟ್ರ ಹತ್ರಾನೂ ನಾನೇ ಮಾತಾಡ್ಬೇಕು. ಮೀಟಿಂಗಿಗೂ ನಾನೇ ಬರ್ಲಾ?"

ಬಂದರೆ ಒಳ್ಳೆಯದಿತ್ತು ಅಂತ ಹುಡುಗಿಗೆ ನಿಜವಾಗಿಯೂ ಅನ್ನಿಸಿತ್ತು.

ಆಫೀಸಿಗೆ ಬಂದವಳೇ ತನ್ನ ಹನ್ನೊಂದು ಸ್ಲೈಡುಗಳನ್ನು ಕಂಪ್ಯೂಟರಿನಲ್ಲಿ ತೆರೆದಳು. ಸಕ್ಕರೆ ಡಬ್ಬಕ್ಕೆ ಮುತ್ತಿದ ಇರುವೆಗಳ ಹಾಗೆ ಮೂಲೆಯಿಂದ ಮೂಲೆಗೆ ಅಕ್ಷರ. ಪಕ್ಕದ ಕೋಣೆಯ ಟೈಪಿಸ್ಟ್ ಅಕ್ಕ ಒಳಗೆ ಬಂದು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

"ಏನೇ ಇದು?"

"ಭಾಷಣ."

"ಇದನ್ನ ಪರದೆ ಮೇಲೆ ಬಿಟ್ಟು ನೀನೇನ್ಮಾಡ್ತೀಯ?"

"ಓದ್ತೀನಿ ಅಕ್ಕ. ಮೆತ್ತಗೆ."

"ಅವ್ರಿಗೂ ಓದೋಕೆ ಬರುತ್ತಲ್ಲೇ. ನೀನು ಅರ್ಧ ಓದೋಷ್ಟರಲ್ಲಿ ಅವ್ರು ಪೂರ್ತಿ ಓದಿ ಒಂದು ನಿದ್ದೆ ತೆಗ್ದಿರ್ತಾರೆ. ಅಕ್ಷರ ಅಳ್ಸು, ಚಿತ್ರ ಹಾಕು. ಮೂವತ್ತೆರಡು ಕೊಡೆ ಅಂತ ಬರೆದ್ರೆ ಯಾರಿಗೆ ಏನು ಅನ್ಸುತ್ತೆ? ಒಂದು ಕೊಡೆ ತೋರ್ಸು. ಅಯ್ಯೋ, ಯಾರದೋ ಪಾಪ, ಅನ್ಸುತ್ತೆ."

ಮಾತು ಹುಡುಗಿಯ ಮನಸ್ಸಿಗೆ ನಾಟಿತು. ಅದಕ್ಕಿಂತ ಹೆಚ್ಚಾಗಿ, ಅದರ ಹಿಂದೆ ಇನ್ನೊಂದು ಆಸೆ ಮೆಲ್ಲಗೆ ತಲೆಯೆತ್ತಿತು. ಚಿತ್ರವೇ ಎಲ್ಲ ಹೇಳಿಬಿಟ್ಟರೆ ತಾನು ಹೇಳುವುದಕ್ಕೆ ಏನು ಉಳಿಯುತ್ತದೆ?

ಬಲ್ಬು ಬದಲಾಯಿಸಲು ಏಣಿ ಹತ್ತಿದ್ದ ಎಲೆಕ್ಟ್ರಿಷಿಯನ್ ಅಲ್ಲಿಂದಲೇ ಬಾಯಿ ಹಾಕಿದ. ಮುಟ್ಟಿದ್ದೆಲ್ಲ ಸುಟ್ಟುಹೋಗುತ್ತಿದ್ದುದರಿಂದ ಅವನಿಗೆ ಫ್ಯೂಸಣ್ಣ ಎಂಬ ಹೆಸರು. "ಚಿತ್ರ ಯಾಕಕ್ಕ, ವಿಡಿಯೋನೇ ಮಾಡೋಣ. ಅಲ್ಲಾಡದೇ ಇರೋದನ್ನ ಈಗ ಯಾರು ನೋಡ್ತಾರೆ?"

ಮ್ಯಾನೇಜರ ತಿರುಗುವ ಕುರ್ಚಿ ಕೋಣೆಗೆ ಬಂತು. ಅದರ ಮೇಲೆ ಒಂದೊಂದೇ ವಸ್ತುವನ್ನು ಇಟ್ಟು ಟೈಪಿಸ್ಟ್ ಅಕ್ಕ ಬೆರಳಿನಿಂದ ತಿರುಗಿಸುವುದು, ಫ್ಯೂಸಣ್ಣ ಮೊಬೈಲಿನಲ್ಲಿ ಹಿಡಿಯುವುದು. ಕೊಡೆ ತಿರುಗಿತು, ಡಬ್ಬಿ ತಿರುಗಿತು, ಗೊಂಬೆ ತಿರುಗಿ ತಿರುಗಿ ತಲೆಸುತ್ತಿ ಬಿತ್ತು. ಟೈರಣ್ಣ ಟೇಪು ಹಿಡಿದು ಒಳಗೆ ಬಂದು, "ನಿಮ್ಮ ಪಾಡಿಗೆ ನೀವು ತಿರುಗಿಸ್ಕೊಳ್ಳಿ, ನಾನು ಗೋಡೆ ಅಳೀತೀನಿ" ಅಂದ.

ಮೂರು ಗಂಟೆಗೆ ವಿಡಿಯೋ ಸಿದ್ಧವಾಯಿತು. ನೋಡಿದ ಹುಡುಗಿ ಬೆಚ್ಚಿಬಿದ್ದಳು. ಹಲ್ಲಿನ ಸೆಟ್ಟು ಗಂಭೀರವಾಗಿ ತಿರುಗುತ್ತಿದೆ. ಸುತ್ತಲೂ ಕೆಂಪು ಹೃದಯಗಳು ಗುಳ್ಳೆಗಳಂತೆ ಮೇಲೇರುತ್ತಿವೆ. ಹಿಂದೆ ಅಳುವ ಪಿಟೀಲು. ಕೆಳಗೆ ಬಳ್ಳಿಬಳ್ಳಿ ಅಕ್ಷರದಲ್ಲಿ 'ನಿನಗಾಗಿ ಕಾಯುತ್ತಿದ್ದೇನೆ.'

"ಇದು... ಇದನ್ನ ತೆಗೀಬಹುದಾ?"

"ಎಲ್ಲಿ ತೆಗೀಬೇಕು ಅಂತ ನಂಗೂ ಗೊತ್ತಿಲ್ಲಮ್ಮ," ಅಂದ ಫ್ಯೂಸಣ್ಣ. "ಹೆಂಡ್ತಿ ಮುನಿಸ್ಕೊಂಡು ತವರಿಗೆ ಹೋದಾಗ ಒಂದು ವಿಡಿಯೋ ಮಾಡಿ ಕಳ್ಸಿದ್ದೆ. ಅವತ್ತಿಂದ ಏನು ಮಾಡಿದ್ರೂ ಇದೇ ಬರುತ್ತೆ."

"ನೋಡಿ ಬಂದ್ಳಾ?" ಕೇಳಿದಳು ಟೈಪಿಸ್ಟ್ ಅಕ್ಕ.

"ಅವರಪ್ಪ ಬಂದ್ರು."

ನಾಲ್ಕು ಗಂಟೆ. ಮಹಡಿಯ ಮೇಲಿನ ಹಾಲಿನಲ್ಲಿ ನಲವತ್ತು ಜನ. ಮುಂದಿನ ಸಾಲಿನಲ್ಲಿ ಯಜಮಾನರು, ಬಾಯಿಗೆ ಕರವಸ್ತ್ರ ಒತ್ತಿಕೊಂಡು. ನಾಲ್ಕು ತಿಂಗಳಿಂದ ಅವರು ಯಾರೊಂದಿಗೂ ಮಾತಾಡಿರಲಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುವುದು, ಇಲ್ಲವೇ ಚೀಟಿ ಬರೆದುಕೊಡುವುದು. ಗಂಟಲು ನೋವು ಎಂದು ಮ್ಯಾನೇಜರು ಎಲ್ಲರಿಗೂ ಹೇಳಿದ್ದರು. ಇಡೀ ಹಾಲಿನಲ್ಲಿ ಮಾತಾಡದ ತನ್ನ ಜಾತಿಯವರು ಅವರೊಬ್ಬರೇ ಎಂದು ಹುಡುಗಿಗೆ ಅನ್ನಿಸಿತು.

ಹಾಲಿನ ಸ್ಪೀಕರ್ ಕೆಟ್ಟು ಎರಡು ವರ್ಷವಾಗಿತ್ತು. ಹಾಗಾಗಿ ಫ್ಯೂಸಣ್ಣ ಪಿಟೀಲಿನ ಸದ್ದಿಗೋಸ್ಕರ ಪಕ್ಕದ ಕಂಟ್ರೋಲ್ ರೂಮಿಗೆ, ಅಂದರೆ 'ಬಸ್ಸು ಕೆಲವೇ ಕ್ಷಣಗಳಲ್ಲಿ ಬರಲಿದೆ' ಎಂದು ಮೂರು ಹೊತ್ತೂ ಹೇಳುವ ಪ್ರಕಟಣೆ ಪೆಟ್ಟಿಗೆಗೆ, ಕಿಟಕಿಯಿಂದ ವೈರು ಎಳೆದಿದ್ದ. ವೈರು ಎರಡಿದ್ದವು, ಒಂದು ಸದ್ದಿನದು, ಒಂದು ಚಿತ್ರದ್ದು. ಯಾವುದು ಎಲ್ಲಿಗೆ ಎಂಬುದರಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾಯಿತು.

ದೀಪ ಆರಿತು. ಪರದೆಯ ಮೇಲೆ ಕೊಡೆ ಬರಲಿಲ್ಲ. ಕಂಟ್ರೋಲ್ ರೂಮಿನವರಿಗೆ ಮಾತ್ರ ಕಾಣಬೇಕಾದ ಪಟ್ಟಿ ಬಂತು. ಮೂರನೇ ನಂಬರ್, ಇಪ್ಪತ್ತು ನಿಮಿಷ ತಡ. ಒಂಬತ್ತನೇ ನಂಬರ್, ಅರ್ಧ ಗಂಟೆ ತಡ. ಹದಿನಾಲ್ಕನೇ ನಂಬರ್, ಎಲ್ಲಿದೆಯೋ ತಿಳಿದಿಲ್ಲ.

ಯಜಮಾನರ ಹುಬ್ಬು ಕೂದಲಿನವರೆಗೂ ಏರಿತು. ಮ್ಯಾನೇಜರು ಹಣೆ ಒರೆಸಿಕೊಂಡರು. "ಏನಮ್ಮ ಇದು? ನಿನ್ನ ವಿಭಾಗದ ಬಗ್ಗೆ ಹೇಳು ಅಂದ್ರೆ ನನ್ನ ವಿಭಾಗದ ಬಗ್ಗೆ ಹೇಳ್ತಿದ್ದೀಯಲ್ಲ?"

ಹುಡುಗಿ ಬಾಯಿ ತೆರೆದಳು. ಪಂಕ್ಚರ್ ಆದ ಟ್ಯೂಬಿನಂತೆ ಗಾಳಿಯಷ್ಟೇ ಬಂತು. ಮಾತಿಲ್ಲದೆ ಪಾರಾಗಲು ಮಾಡಿದ ವಿಡಿಯೋ ಅವಳನ್ನು ಮಾತಿನ ಮುಂದೆಯೇ ತಂದು ನಿಲ್ಲಿಸಿ ತಾನು ಮಾತ್ರ ಪರಾರಿಯಾಗಿತ್ತು.

ಅಷ್ಟರಲ್ಲಿ ಕೆಳಗಿನಿಂದ ಪಿಟೀಲು ಕೇಳಿಸಿತು. ಅದರ ಹಿಂದೆಯೇ ಗಲಾಟೆ. ಎಲ್ಲರೂ ಕಿಟಕಿಗೆ ಮುಗಿಬಿದ್ದರು. ನಿಲ್ದಾಣದ ಎಂಟು ಪ್ಲಾಟ್‌ಫಾರ್ಮುಗಳಲ್ಲಿ, ಬಸ್ಸಿನ ವೇಳೆ ತೋರಿಸುವ ಎಂಟು ಪರದೆಗಳಲ್ಲಿ, ಊಟದ ಡಬ್ಬಿಯೊಂದು ಹೃದಯಗಳ ನಡುವೆ ತಿರುಗುತ್ತಿತ್ತು. 'ನಿನಗಾಗಿ ಕಾಯುತ್ತಿದ್ದೇನೆ.'

"ಏಯ್, ಅದು ನಂದು ಕಣೋ," ಎಂದು ಯಾರೋ ಕೂಗಿದರು. "ಮುಚ್ಚಳ ನೋಡು, ಸೊಟ್ಟಗಿದೆ, ನನ್ನ ಹೆಂಡ್ತಿ ಬೀಳ್ಸಿದ್ದು."

ಮುಂದಿನ ಒಂದು ಗಂಟೆ ಏನಾಯಿತೆಂದು ಹುಡುಗಿಗೆ ಪೂರ್ತಿ ನೆನಪಿಲ್ಲ. ಓಡಿಬಂದು ಕೌಂಟರಿನ ಹಿಂದೆ ನಿಂತದ್ದಷ್ಟೇ ಗೊತ್ತು. ಬರಬೇಕಾದ ಬಸ್ಸುಗಳು ಬಾರದೆ ಇದ್ದುದರಿಂದ ನಿಲ್ದಾಣದಲ್ಲಿ ಜನವೋ ಜನ. ಕಂಡವರು ಕಾಣದವರಿಗೆ ಫೋನ್ ಮಾಡಿದರು. ಎಡಗಾಲಿನ ಚಪ್ಪಲಿಗಳನ್ನು ಬಲಗಾಲಿನವು ಹುಡುಕಿಕೊಂಡು ಬಂದವು. ಬೆಟ್ಟದಂಥ ಗಂಡಸೊಬ್ಬ ಮೂಗಿಲ್ಲದ ಗೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಮಗಳು ಮೂರು ದಿನ ಸರಿಯಾಗಿ ಊಟ ಮಾಡಿಲ್ಲಮ್ಮ. ಮೂಗು ಮುಂಚೆನೇ ಇರ್ಲಿಲ್ಲ, ಯೋಚ್ನೆ ಮಾಡ್ಬೇಡ" ಎಂದು ಹೇಳಿ ಹೋದ.

ಸಾಲಿನ ಕೊನೆಯಲ್ಲಿ ನಿಂತಿದ್ದವರು ಯಜಮಾನರು.

ಅವರು ಗಾಜಿನ ಲೋಟದ ಕಡೆ ಬೆರಳು ತೋರಿಸಿದರು. ನಿಯಮದ ಪ್ರಕಾರ ಗುರುತು ಕೇಳಬೇಕಿತ್ತು. ಅವರು ಕರವಸ್ತ್ರ ಇಳಿಸಿದರು. ಕೇಳುವ ಅಗತ್ಯ ಬೀಳಲಿಲ್ಲ.

ಸೆಟ್ಟು ಟಕ್ಕೆಂದು ಕೂತಿತು. ಯಜಮಾನರು ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ, ನಾಲ್ಕು ತಿಂಗಳ ಮೌನ ಮುರಿದರು.

"ನೀರು ದಿನಾ ಬದಲಾಯಿಸ್ತಿದ್ಯೇನಮ್ಮ?"

ಹುಡುಗಿ ತಲೆಯಾಡಿಸಿದಳು.

"ಒಳ್ಳೇ ಹುಡುಗಿ. ನಮ್ಮ ಬಸ್ಸು ಹೇಗೆ ಓಡುತ್ತೆ ನೋಡೋಣ ಅಂತ ಒಂದಿನ ಯಾರಿಗೂ ಹೇಳ್ದೆ ಹದಿನಾಲ್ಕು ಹತ್ತಿದ್ದೆ. ಅದು ಎತ್ತಿ ಎತ್ತಿ ಹಾಕಿದ ರಭಸಕ್ಕೆ ಹಲ್ಲು ಉದುರೋ ಹಾಗಾಯ್ತು ಅಂತ ತೆಗೆದು ಸೀಟಿನ ಮೇಲಿಟ್ಟೆ, ಮರ್ತೆ. ಹೊಸಾದು ಮಾಡಿಸಿದ್ರೆ ಹೊಂದ್ಲಿಲ್ಲ. ನಮ್ಮದೇ ಕಂಪನಿ ಕೌಂಟರಿಗೆ ಬಂದು ನನ್ನ ಹಲ್ಲು ಕೊಡಿ ಅಂತ ಹೇಗೆ ಕೇಳ್ಲಿ? ಅದಕ್ಕೇ, ಈ ಕೋಣೆ ಮುಚ್ಚೋಣ ಅಂತ ಮ್ಯಾನೇಜರು ಬಂದಾಗೆಲ್ಲ ಬೇಡ ಅಂತ ಚೀಟಿ ಬರೀತಿದ್ದೆ."

ಹುಡುಗಿಯ ಎದೆ ಹಗುರವಾಯಿತು. ತನಗೇ ಗೊತ್ತಿಲ್ಲದೆ ತನ್ನ ಬೆನ್ನಿಗೆ ಇಷ್ಟು ದೊಡ್ಡ ಮನುಷ್ಯ ನಿಂತಿದ್ದಾರೆ. ಟೈರಣ್ಣನ ಕೈಯಲ್ಲಿದ್ದ ಟೇಪು ಸರ್ರನೆ ಸುತ್ತಿಕೊಂಡಿತು.

ಯಜಮಾನರು ಕೋಣೆಯ ಸುತ್ತ ಕಣ್ಣಾಡಿಸಿದರು. ಕಪಾಟುಗಳೆಲ್ಲ ಖಾಲಿ. ಉಳಿದಿದ್ದು ಲೋಟ, ಅದರಲ್ಲಿ ನೀರು.

"ಈಗ ಸಿಕ್ತಲ್ಲ," ಎಂದರು ನೆಮ್ಮದಿಯಿಂದ. "ಮುಚ್ಬಿಡಿ. ಟೈರ್ ಹಾಕಿ."

ನಾಲ್ಕು ತಿಂಗಳಲ್ಲಿ ಅವರು ಸ್ಪಷ್ಟವಾಗಿ ಕೊಟ್ಟ ಮೊದಲ ಆಜ್ಞೆ ಅದು. ಬಾಗಿಲ ಹಿಂದೆಯೇ ಸಿದ್ಧವಾಗಿ ನಿಲ್ಲಿಸಿದ್ದ ಮೊದಲ ಟೈರನ್ನು ಟೈರಣ್ಣ ಆಗಲೇ ಒಳಗೆ ಉರುಳಿಸಿದ.

"ಹಾಗಾದ್ರೆ ಈ ಹುಡುಗಿ ಕತೆ ಏನು ಸಾರ್?" ಟೈಪಿಸ್ಟ್ ಅಕ್ಕ ಸೊಂಟಕ್ಕೆ ಕೈ ಇಟ್ಟು ಕೇಳಿದಳು.

ಅದಕ್ಕೆ ಸರಿಯಾಗಿ ಫ್ಯೂಸಣ್ಣ ಹೊಗೆಯಾಡುವ ಪೆಟ್ಟಿಗೆಯೊಂದನ್ನು ಮಗುವಿನಂತೆ ಎತ್ತಿಕೊಂಡು ಬಂದ. ಪ್ರಕಟಣೆ ಪೆಟ್ಟಿಗೆ. "ರೆಕಾರ್ಡ್ ಮಾಡಿದ ದನಿ ಹೋಯ್ತು ಸಾರ್. ಸ್ಟ್ಯಾಂಡಿನ ಸ್ಪೀಕರೂ ಮೈಕೂ ಉಳಿದಿವೆ."

"ರಿಪೇರಿಗೆ ಎಷ್ಟು ದಿನ?"

"ಸಾಮಾನು ಬರ್ಬೇಕು ಸಾರ್."

ಹಾಲಿನ ಸ್ಪೀಕರಿನ ಸಾಮಾನೂ ಎರಡು ವರ್ಷದಿಂದ ಬರುತ್ತಲೇ ಇತ್ತು. ಯಜಮಾನರು ಹೊಸ ಉತ್ಸಾಹದಲ್ಲಿ ಹಲ್ಲು ಕಡಿದರು. "ಇಡೀ ಸ್ಟ್ಯಾಂಡನ್ನೇ ತಿರುಗಿ ನೋಡೋ ಹಾಗೆ ಮಾಡಿದ್ದು ಇವಳೇ ತಾನೆ? ಇವಳನ್ನೇ ಮೈಕ್ ಮುಂದೆ ಕೂರ್ಸಿ. ಈಗ್ಲಿಂದ್ಲೇ."

ಹತ್ತು ನಿಮಿಷದ ಮಾತನ್ನು ತಪ್ಪಿಸಿಕೊಳ್ಳಲು ಹೋದವಳಿಗೆ ದಿನಕ್ಕೆ ಎಂಟು ಗಂಟೆಯ ಮಾತು ಗಂಟುಬಿತ್ತು. ಡಿಪೋದ ಕಡೆಯಿಂದ ಒಬ್ಬ ಮೆಕ್ಯಾನಿಕ್ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಸೈಲೆನ್ಸರ್‌ನ ಬಿಚ್ಚಿ ಹಾರ್ನ್ ಮಾಡ್ಬಿಟ್ರಲ್ಲಪ್ಪ."

ಕಂಟ್ರೋಲ್ ರೂಮಿನ ಗಾಜಿನ ಕಿಟಕಿಯ ಹಿಂದೆ ಅವಳನ್ನು ಕೂರಿಸಿ, ಮ್ಯಾನೇಜರು ಒಂದು ಚೀಟಿ ಕೊಟ್ಟು ಹೋದರು. 'ಹದಿನಾಲ್ಕನೇ ನಂಬರ್ ಬಸ್ಸು ಕೆಲವೇ ಕ್ಷಣಗಳಲ್ಲಿ ಬರಲಿದೆ.' ಪಕ್ಕದ ಪಟ್ಟಿಯಲ್ಲಿ ಬಸ್ಸು ಕೊನೆಗೂ ಸಿಕ್ಕಿತ್ತು. ನಲವತ್ತು ನಿಮಿಷ ತಡ.

ಚೀಲದಲ್ಲಿ ಡೈರಿ ಇತ್ತು, ತೆಗೆದು ಬರೆದರೆ ಸಮಾಧಾನವಾಗುತ್ತಿತ್ತು. ಅವಳು ಕೆಳಗೆ ನೋಡಿದಳು. ಜನವೋ ಜನ. ಮೂವತ್ತೆರಡಲ್ಲ, ಒಂದು ಕೊಡೆ ತೋರಿಸು ಎಂದಿದ್ದಳು ಅಕ್ಕ. ಅವಳು ಜನರನ್ನು ಬಿಟ್ಟು ಒಬ್ಬರನ್ನು ಹುಡುಕಿದಳು. ಹದಿನಾಲ್ಕರ ಕಂಬದ ಬಳಿ ಒಬ್ಬ ಅಜ್ಜಿ, ಆಗಷ್ಟೇ ಸಿಕ್ಕ ಕೊಡೆಯನ್ನು ಊರಿಕೊಂಡು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ, ಇನ್ನೇನು ಬಂದೇಬಿಡುತ್ತದೆ ಎಂಬಂತೆ ರಸ್ತೆ ನೋಡುತ್ತಿದ್ದಳು.

ಹುಡುಗಿ ಚೀಟಿಯನ್ನು ಮಗುಚಿಟ್ಟು, ಗುಂಡಿ ಒತ್ತಿದಳು.

"ಹದಿನಾಲ್ಕನೇ ನಂಬರ್ ಬಸ್ಸು ಇನ್ನೂ ನಲವತ್ತು ನಿಮಿಷ ಬರಲ್ಲ," ಎಂದು ಎಂಟು ಪ್ಲಾಟ್‌ಫಾರ್ಮುಗಳಿಗೂ ಹೇಳಿದಳು. "ಕೂತ್ಕೊಳ್ಳಿ ಅಜ್ಜಿ. ನಾನೂ ಅದಕ್ಕೇ ಕಾಯ್ತಿದ್ದೀನಿ."