ಕೊಡೆಯನ್ನು ನೋಡಿ ನಕ್ಕವನು

"ಇಂದಿನಿಂದ ನನ್ನ ಮೂಗು ಸ್ವತಂತ್ರ!" ಎಂದು ಬಚ್ಚಲುಮನೆಯ ಕನ್ನಡಿಯೆದುರು ಘೋಷಿಸಿದೆ. ಕನ್ನಡಕಕ್ಕೆ ವಿದಾಯ, ಕಾಂಟ್ಯಾಕ್ಟ್ ಲೆನ್ಸಿಗೆ ಸ್ವಾಗತ!

ಇದಕ್ಕೆಲ್ಲ ಮೂಲ ನಮ್ಮ ಮದುವೆಯ ಫೋಟೊ. ಅಂದು ಚೆಂದ ಕಾಣಲೆಂದು ಕನ್ನಡಕ ತೆಗೆದಿಟ್ಟು, ಕ್ಯಾಮೆರಾ ಎಲ್ಲಿದೆಯೆಂದೇ ಕಾಣದೆ, ಫೋಟೊಗ್ರಾಫರನ ಬೆಳಕಿನ ಕೊಡೆಯನ್ನು ನೋಡಿ ಹಲ್ಲು ಕಿರಿದಿದ್ದೆ. ಪಕ್ಕದಲ್ಲಿ ಹೆಂಡತಿ ನೆಟ್ಟಗೆ ನೋಡುತ್ತಿದ್ದಾಳೆ. ನಾನು ಬೇರೆ ಯಾರದೋ ಮದುವೆಗೆ ಬಂದವನಂತಿದ್ದೇನೆ. ಆಮೇಲಿನ ಫೋಟೊಗಳಲ್ಲಿ ಕನ್ನಡಕವಿದೆ, ಫ್ಲ್ಯಾಶ್ ಹೊಳೆದು ಕಣ್ಣಿನ ಜಾಗದಲ್ಲಿ ಎರಡು ಬಲ್ಬು! "ಇಪ್ಪತ್ತೈದು ವರ್ಷ ಆಯ್ತು ಕಣ್ರೀ, ಒಂದಾದ್ರೂ ನೆಟ್ಟಗಿರೋ ಫೋಟೊ ಬೇಡ್ವಾ?" ಎಂದಾಗ ಅವಳ ದನಿ ಸಣ್ಣಗಾಗಿತ್ತು. ಮರುದಿನವೇ ಕನ್ನಡಕದ ಅಂಗಡಿಗೆ ಓಡಿದೆ. ಲೆನ್ಸ್ ತಂದೆ, ಸ್ಟುಡಿಯೊ ಗೊತ್ತುಮಾಡಿದೆ.

ಬಲಗಣ್ಣಿಗೆ ಲೆನ್ಸ್ ಹೇಗೋ ಕೂತಿತು. ಎಡಗಣ್ಣು ಬೆರಳು ಕಂಡೊಡನೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಕೊನೆಗೆ ಲೆನ್ಸೇ ಮಾಯ!

"ಯಾರೂ ಕದಲಬೇಡಿ!" ಎಂದು ಕೂಗಿದೆ.

ಹೆಂಡತಿ ಬಾಗಿಲಲ್ಲೇ ಒಂದು ಕಾಲೆತ್ತಿ ನಿಂತಳು. "ಒಲೆ ಮೇಲೆ ಹಾಲಿದೆ ಕಣ್ರೀ!"

"ಹಾಲು ಹೋದ್ರೆ ಹೋಗ್ಲಿ, ನನ್ನ ಕಣ್ಣು ನಿನ್ನ ಕಾಲಡಿ ಹೋಗುತ್ತೆ!"

ಹಾಲು ಉಕ್ಕಿತು. ನಾನು ಅಂಬೆಗಾಲಿಟ್ಟು ನೆಲವೆಲ್ಲ ತಡಕಾಡಿದೆ. ಅವಳು ನನ್ನ ಗಲ್ಲ ಹಿಡಿದೆತ್ತಿದಳು. "ಅಯ್ಯೋ ಕರ್ಮವೇ! ಮೀಸೇಲಿ ಅಂಟ್ಕೊಂಡಿದೆ!"

ಅದನ್ನು ತೊಳೆದು ಹಾಕಿಕೊಂಡು, ತಲೆ ಬಾಚಿ ಹೆಂಡತಿಯೊಡನೆ ಗತ್ತಿನಿಂದ ಹೊರಟೆ. ದಾರಿಯೆಲ್ಲ ಮಸುಕು! ಮೆಟ್ಟಿಲು ಎಡವಿದೆ. ಸ್ಟುಡಿಯೊದಲ್ಲಿ ನೇತುಹಾಕಿದ್ದ ಕೋಟನ್ನು "ಚೆನ್ನಾಗಿದ್ದೀರಾ?" ಎಂದು ವಿಚಾರಿಸಿದೆ.

"ಏನ್ರೀ, ಕಣ್ಣು ಕಾಣ್ತಿದೆಯಾ?"

"ಹೊಸದಲ್ವಾ, ಹೊಂದ್ಕೊಳ್ಳುತ್ತೆ ಬಿಡು," ಎಂದೆ. ಸೋಲೊಪ್ಪುವ ಜಾತಿಯೇ ನಾನು!

ಇಬ್ಬರೂ ಕೂತು ಫೋಟೊ ತೆಗೆಸಿಕೊಂಡೆವು, ಅದು ಕೈಗೆ ಬಂತು. ಅವಳು ತಲೆ ತಗ್ಗಿಸಿದಳು, ಭುಜ ಅಲುಗತೊಡಗಿತು.

"ಅಳಬೇಡ ಕಣೇ..."

ಅಳು ಎಲ್ಲಿ ಬಂತು! ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು. ಇಣುಕಿ ನೋಡಿದೆ. ಫೋಟೊದಲ್ಲಿ ನನ್ನ ಮೂಗಿನ ಮೇಲೆ ಕನ್ನಡಕ! ತಲೆ ಬಾಚಿದ ಕೈ ಹಳೇ ಅಭ್ಯಾಸದಂತೆ ಅದನ್ನೂ ಏರಿಸಿಬಿಟ್ಟಿತ್ತು, ಲೆನ್ಸಿನ ಮೇಲೆ!

"ನಿನಗೂ ಕಾಣ್ಲಿಲ್ವೇನೇ?"

"ದಿನಾ ನೋಡೋ ಮುಖ, ಕನ್ನಡಕ ಇದೆಯಾ ಇಲ್ವಾ ಅಂತ ಯಾರು ನೋಡ್ತಾರೆ? ನಿಮ್ಮ ಮುಖ ಇರೋದೇ ಹಾಗೆ!" ಎಂದು ಕಣ್ಣೊರೆಸಿಕೊಂಡಳು. "ಅದಿರ್ಲಿ, ಈ ಸಲಾನೂ ಕೊಡೆ ನೋಡ್ಕೊಂಡೇ ನಕ್ಕಿದ್ದೀರಲ್ರೀ! ಅದರ ಮೇಲೇ ಮನಸ್ಸು ಅಂತ ಮದುವೆ ದಿನಾನೇ ಬಾಯ್ಬಿಟ್ಟು ಹೇಳಿದ್ದಿದ್ರೆ, ನಿಮ್ಮ ಪಕ್ಕ ಅದನ್ನೇ ಕೂರಿಸಿ ನಾನು ಎದ್ದು ಹೋಗ್ತಿದ್ದೆ!"